ಶಿಕಾಗೊದಲ್ಲಿ ಕೆಳಗೆ ನೋಡಿ

ಶಿಕಾಗೊ ನೋಡಲು ಬಂದವರಿಗೆ ಎರಡನೆಯ ದಿನಕ್ಕೆ ಕುತ್ತಿಗೆ ನೋವು ಶುರುವಾಗುತ್ತದೆ. ಎಲ್ಲರೂ ತಲೆ ಎತ್ತಿಕೊಂಡೇ ಓಡಾಡುತ್ತಾರೆ. ಪ್ರವಾಸಿ ಪಟ್ಟಿಗಳು ಹೇಳುವುದೂ ಅದನ್ನೇ: 110 ಅಂತಸ್ತಿನ ವಿಲ್ಲಿಸ್ ಟವರ್ ಹತ್ತಿ 103ನೇ ಮಹಡಿಯ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿ, ಹ್ಯಾನ್‌ಕಾಕ್ ಕಟ್ಟಡದ 94ನೇ ಮಹಡಿಯಿಂದ ಸರೋವರ ನೋಡಿ, ನೇವಿ ಪಿಯರ್‌ನಲ್ಲಿ ಜೈಂಟ್ ವೀಲ್ ಏರಿ. ಇವೆಲ್ಲ ಚೆನ್ನಾಗಿಯೇ ಇವೆ. ಆದರೆ ಪ್ರತಿ ಬೇಸಿಗೆಯಲ್ಲಿ ಊರಿನಿಂದ ಬರುವ ನೆಂಟರಿಗೆ ನಾನು ಕೊಡುವ ಸಲಹೆ ಬೇರೆ. ಮೇಲೆ ನೋಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಈ ನಗರದ ನಿಜವಾದ ಪ್ರತಾಪಗಳು ಬಹುಪಾಲು ಕಾಲ ಕೆಳಗಿವೆ.

ಈ ಬುದ್ಧಿ ನನಗೆ ಬಂದದ್ದು ಚಿಕ್ಕಪ್ಪನಿಂದ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ವಿಲ್ಲಿಸ್ ಟವರ್ ಮುಂದೆ ಉಳಿದವರೆಲ್ಲ ಮೊಬೈಲ್ ಎತ್ತಿ ಹಿಡಿದಿದ್ದಾಗ ಅವರು ಮಾತ್ರ ಫುಟ್‌ಪಾತಿನ ಅಂಚನ್ನು ಚಪ್ಪಲಿಯಿಂದ ತಟ್ಟುತ್ತಾ, "ಪಾಯಕ್ಕೆ ಎಷ್ಟು ಆಳ ಹೋಗಿದ್ದಾರೆ?" ಎಂದು ಕೇಳಿದರು. ನಾನು ಸುಮ್ಮನಿದ್ದೆ. "ಸರೋವರದ ದಂಡೆಯ ಮಣ್ಣಲ್ಲವೇ ಇದು? ಇಷ್ಟು ಭಾರ ಸುಮ್ಮನೆ ಹೊರುವುದಿಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕಟ್ಟಡದ ಕೆಳಗೆ ಮೆತ್ತನೆಯ ಜೇಡಿಮಣ್ಣು. ಗಟ್ಟಿ ಬಂಡೆ ಸಿಗಬೇಕಾದರೆ ಸುಮಾರು ನೂರು ಅಡಿ ಇಳಿಯಬೇಕು. ಟವರ್ ನಿಂತಿರುವುದು ಆ ಬಂಡೆಯವರೆಗೆ ಇಳಿಸಿದ ನೂರಕ್ಕೂ ಹೆಚ್ಚು ಕಾಂಕ್ರೀಟ್ ಕಂಬಗಳ ಮೇಲೆ.

ಶಿಕಾಗೊ ಹುಟ್ಟಿದ್ದು ಕೆಸರಿನಲ್ಲಿ. ಮಿಷಿಗನ್ ಸರೋವರದ ನೀರಿನ ಮಟ್ಟಕ್ಕಿಂತ ಕೆಲವೇ ಅಡಿ ಎತ್ತರದ ಜೌಗು ನೆಲ. ಮಳೆ ಬಂದರೆ ನೀರು ಹರಿದು ಹೋಗಲು ಇಳಿಜಾರೇ ಇಲ್ಲ. 1854ರಲ್ಲಿ ಕಾಲರಾ ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದ ಮೇಲೆ ಎಲಿಸ್ ಚೆಸ್‌ಬ್ರೋ ಎಂಬ ಎಂಜಿನಿಯರ್‌ನನ್ನು ಕರೆಸಿದರು. ಒಳಚರಂಡಿ ಹೂಳಲು ನೆಲವನ್ನು ಅಗೆದರೆ ಕೆಳಗೆ ನೀರೇ ಇದೆ. ಆದ್ದರಿಂದ ಆತ ಕೊಳವೆಗಳನ್ನು ರಸ್ತೆಯ ಮೇಲೆಯೇ ಇಟ್ಟು, ಅದರ ಮೇಲೆ ಮಣ್ಣು ತುಂಬಿ, ಹೊಸ ರಸ್ತೆ ಮಾಡಲು ಸೂಚಿಸಿದ. ರಸ್ತೆ ಏರಿತು. ಮನೆ, ಅಂಗಡಿ, ಹೋಟೆಲುಗಳು ಹಳ್ಳದಲ್ಲಿ ಉಳಿದವು. ಹಾಗಾಗಿ ಅವುಗಳನ್ನೂ ಎತ್ತಬೇಕಾಯಿತು.

ಎತ್ತಿದರು ಕೂಡ! 1860ರಲ್ಲಿ ಲೇಕ್ ಸ್ಟ್ರೀಟಿನ ಇಟ್ಟಿಗೆ ಕಟ್ಟಡಗಳ ಒಂದಿಡೀ ಸಾಲನ್ನು, ಸುಮಾರು 35,000 ಟನ್ ತೂಕದ್ದನ್ನು, 6,000 ಸ್ಕ್ರೂ ಜಾಕ್‌ಗಳನ್ನು ಕೊಟ್ಟು ನಾಲ್ಕು ಅಡಿಗೂ ಮೇಲಕ್ಕೆ ಏರಿಸಿದರು. ಆರುನೂರು ಆಳುಗಳು, ಸೀಟಿ ಊದಿದಾಗಲೆಲ್ಲ ಎಲ್ಲರೂ ಒಟ್ಟಿಗೆ ಒಂದೊಂದು ತಿರುವು. ಮೇಲೆ ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು. ಮರುವರ್ಷ ಟ್ರೆಮಾಂಟ್ ಹೌಸ್ ಎಂಬ ಆರು ಅಂತಸ್ತಿನ ಹೋಟೆಲನ್ನು ಒಳಗೆ ಅತಿಥಿಗಳಿದ್ದಂತೆಯೇ ಎತ್ತಿದರು. ಇಂಥ ಕೆಲಸಗಳಲ್ಲಿ ಹೆಸರು ಮಾಡಿದ ಜಾರ್ಜ್ ಪುಲ್‌ಮನ್ ಎಂಬ ತರುಣ ಮುಂದೆ ರೈಲಿನ ಮಲಗುವ ಬೋಗಿಗಳಿಂದ ಕೋಟ್ಯಧೀಶನಾದ.

ಇದರ ಗುರುತು ಇಂದಿಗೂ ಎಲ್ಲಿ ಸಿಗುತ್ತದೆ ಎಂದರೆ ಪಿಲ್ಸನ್ ಬಡಾವಣೆಯಲ್ಲಿ. ಅಲ್ಲಿಗೆ ಜನ ಹೋಗುವುದು ಗೋಡೆಚಿತ್ರಗಳಿಗಾಗಿ, ಮೆಕ್ಸಿಕನ್ ತಿಂಡಿಗಾಗಿ, ಪ್ರವೇಶ ಶುಲ್ಕವಿಲ್ಲದ ಮೆಕ್ಸಿಕನ್ ಕಲಾ ಮ್ಯೂಸಿಯಂಗಾಗಿ. ಹೋಗಲೇಬೇಕು, ಸರಿ. ಆದರೆ ಹದಿನೆಂಟನೇ ಬೀದಿಯ ಅಕ್ಕಪಕ್ಕದ ಓಣಿಗಳಲ್ಲಿ ಹಳೆಯ ಮನೆಗಳ ಮುಂದೆ ನಿಂತು ಬಗ್ಗಿ ನೋಡಿ. ಫುಟ್‌ಪಾತ್ ಒಂದು ಮಟ್ಟದಲ್ಲಿದೆ, ಅಂಗಳ ಅದಕ್ಕಿಂತ ಐದಾರು ಅಡಿ ಕೆಳಗಿದೆ. ಫುಟ್‌ಪಾತಿನಿಂದ ಮೊದಲ ಮಹಡಿಯ ಬಾಗಿಲಿಗೆ ಪುಟ್ಟ ಸೇತುವೆಯಂತಹ ಮೆಟ್ಟಿಲು. ನೆಲಮಾಳಿಗೆಯಂತೆ ಕಾಣುವುದು ಒಂದು ಕಾಲದ ನೆಲ ಅಂತಸ್ತು. ಜಾಕ್ ಕೊಡಿಸಲು ದುಡ್ಡಿಲ್ಲದವರ ಮನೆಗಳು ಇದ್ದಲ್ಲೇ ಉಳಿದವು. ಬೀದಿ ಮಾತ್ರ ಮೇಲೇರಿ ಹೋಯಿತು. ಚಿಕ್ಕಪ್ಪ ಅಲ್ಲಿ ಅರ್ಧ ಗಂಟೆ ನಿಂತರು. ಮಕ್ಕಳಿಗೆ ಬೇಜಾರಾಯಿತು. ಅವರಿಗೆ ಐಸ್‌ಕ್ರೀಮ್ ಕೊಡಿಸಿ ಸಮಾಧಾನ ಮಾಡಿದೆವು.

ಇನ್ನು ನದಿ. ವಾಸ್ತುಶಿಲ್ಪದ ದೋಣಿ ಪ್ರವಾಸ ಎಂಬುದು ಶಿಕಾಗೊದಲ್ಲಿ ಎಲ್ಲರೂ ಮಾಡುವ ಕೆಲಸ. ಎಲ್ಲರೂ ಮಾಡುವುದು ಒಮ್ಮೊಮ್ಮೆ ಸರಿಯಾಗಿಯೂ ಇರುತ್ತದೆ. ಇದಕ್ಕೆ ಕೊಡುವ ದುಡ್ಡಿಗೆ ಮೋಸವಿಲ್ಲ. ಒಂದೂಕಾಲು, ಒಂದೂವರೆ ಗಂಟೆ ದೋಣಿಯಲ್ಲಿ ಕುಳಿತರೆ ಎರಡೂ ದಡದ ಗೋಪುರಗಳ ಕಥೆ ಹೇಳುತ್ತಾರೆ. ಬಿಸಿಲಿಗೆ ಟೋಪಿ ಬೇಕು, ಸಂಜೆಯಾದರೆ ಜೂನ್‌ನಲ್ಲೂ ಸ್ವೆಟರ್ ಬೇಕು. ನೀವು ಮಾತ್ರ ನೀರನ್ನು ಗಮನಿಸಿ. ಈ ನದಿ ಸಹಜವಾಗಿ ಸರೋವರಕ್ಕೆ ಸೇರಬೇಕಾದದ್ದು. ಈಗ ಸರೋವರದಿಂದ ಹೊರಕ್ಕೆ ಹರಿಯುತ್ತದೆ.

ಕಾರಣ ಸರಳ. ನಗರದ ಕೊಳಕೆಲ್ಲ ನದಿಗೆ, ನದಿ ಸರೋವರಕ್ಕೆ, ಕುಡಿಯುವ ನೀರು ಅದೇ ಸರೋವರದಿಂದ. ಮೊದಲು, 1867ರಲ್ಲಿ, ಸರೋವರದ ತಳದಡಿ ಎರಡು ಮೈಲಿ ಸುರಂಗ ಕೊರೆದು ದೂರದ ಶುದ್ಧ ನೀರನ್ನು ತಂದರು. ಮಿಷಿಗನ್ ಅವೆನ್ಯೂವಿನ ಹಳೆಯ ವಾಟರ್ ಟವರ್ ಆ ವ್ಯವಸ್ಥೆಯ ಭಾಗ. ಸಣ್ಣ ಕೋಟೆಯಂತಿರುವ ಅದರ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ಅದು ಯಾವ ನೀರಿನ ಟವರ್ ಎಂದು ಕೇಳುವವರು ಕಡಿಮೆ. ನಗರ ಬೆಳೆದಂತೆ ಎರಡು ಮೈಲಿಯ ದೂರವೂ ಸಾಲಲಿಲ್ಲ. ಕೊನೆಗೆ 28 ಮೈಲಿ ಉದ್ದದ ಕಾಲುವೆ ತೋಡಿ 1900ರ ಜನವರಿಯಲ್ಲಿ ನದಿಯನ್ನೇ ಹಿಂದಕ್ಕೆ ತಿರುಗಿಸಿದರು. ಶಿಕಾಗೊದ ಕೊಳಕು ಈಗ ಡೆಸ್ ಪ್ಲೇನ್ಸ್, ಇಲಿನಾಯ್ ನದಿಗಳ ಮೂಲಕ ಮಿಸಿಸಿಪ್ಪಿಗೆ, ಅಂದರೆ ಸೇಂಟ್ ಲೂಯಿಸ್ ನಗರದ ಕಡೆಗೆ ಹೊರಟಿತು. ಮಿಸೌರಿ ರಾಜ್ಯ ತಡೆಯಾಜ್ಞೆ ತರುವ ಮುಂಚೆಯೇ ಮುಗಿಸಿಬಿಡಬೇಕೆಂದು ಸದ್ದಿಲ್ಲದೆ ಅವಸರದಲ್ಲಿ ಕಟ್ಟೆ ಒಡೆದರು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿ 1906ರಲ್ಲಿ ಮಿಸೌರಿ ಸೋತಿತು. ಅಲ್ಲಿಗೆ ಮುಗಿಯಲಿಲ್ಲ, ಸರೋವರದ ನೀರನ್ನು ಇವರು ಹೊರಗೆ ಹರಿಸುತ್ತಾರೆ ಎಂದು ವಿಸ್ಕಾನ್ಸಿನ್ ಮತ್ತಿತರ ನೆರೆರಾಜ್ಯಗಳು ದಾವೆ ಹೂಡಿದವು. ಶಿಕಾಗೊ ಎಷ್ಟು ನೀರು ತೆಗೆಯಬಹುದು ಎಂಬುದು ಇವತ್ತಿಗೂ ಕೋರ್ಟು ಗೊತ್ತುಮಾಡಿದ ಲೆಕ್ಕ. ಕ್ಯುಸೆಕ್ ಎಂಬ ಅಳತೆಯನ್ನು ದಿನಪತ್ರಿಕೆಯ ಮುಖಪುಟದಲ್ಲಿ ಓದುತ್ತಾ ಬೆಳೆದ ಕಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿತಿ 3,200 ಕ್ಯುಸೆಕ್ ಎಂದಾಗ ನಮ್ಮ ಅತ್ತೆಯವರೂ ಕಿವಿ ನಿಮಿರಿಸಿದರು.

ಬಂದವರೆಲ್ಲ ತಪ್ಪದೆ ಕೇಳುವ ಇನ್ನೊಂದು ಪ್ರಶ್ನೆ, ನಯಾಗರಾ ಇಲ್ಲಿಂದ ಎಷ್ಟು ದೂರ? ಕಾರಿನಲ್ಲಿ ಎಂಟೊಂಬತ್ತು ಗಂಟೆ. ಮಿಷಿಗನ್ ಸರೋವರದ ನೀರು ಸಹಜ ದಾರಿಯಲ್ಲಿ ಹ್ಯೂರಾನ್, ಈರಿ ಸರೋವರಗಳನ್ನು ದಾಟಿ ನಯಾಗರಾದಲ್ಲಿ ಧುಮುಕುತ್ತದೆ. ಶಿಕಾಗೊ ತಿರುಗಿಸಿಕೊಂಡ ಪಾಲು ಮಾತ್ರ ನ್ಯೂ ಆರ್ಲಿಯನ್ಸ್ ಕಡೆ ಹೋಗಿ ಮೆಕ್ಸಿಕೊ ಕೊಲ್ಲಿ ಸೇರುತ್ತದೆ. "ನಿಮ್ಮ ನಯಾಗರಾದ ನೀರನ್ನು ಸ್ವಲ್ಪ ಇಲ್ಲೇ ನೋಡಿಬಿಡಿ" ಎಂದು ದೋಣಿಯಲ್ಲಿ ತೋರಿಸುತ್ತೇನೆ. ಯಾರೂ ನಗುವುದಿಲ್ಲ, ಟಿಕೆಟ್ ಯಾವಾಗ ಬುಕ್ ಮಾಡುತ್ತೀಯ ಎಂದು ಕೇಳುತ್ತಾರೆ.

ದೋಣಿ ಕಿನ್ಸಿ ಬೀದಿಯ ಸೇತುವೆಯ ಬಳಿ ಸಾಗುವಾಗ ಇನ್ನೊಂದು ವಿಷಯ ನೆನಪಿಡಿ. ನಗರದ ಮಧ್ಯಭಾಗದಡಿ, ಸುಮಾರು 40 ಅಡಿ ಆಳದಲ್ಲಿ, ಕಲ್ಲಿದ್ದಲು ಮತ್ತು ಸರಕು ಸಾಗಿಸಲು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊರೆದ ಸುರಂಗಗಳ ಜಾಲವಿದೆ. ಅದರಲ್ಲಿ ಪುಟ್ಟ ರೈಲುಗಳು ಓಡುತ್ತಿದ್ದವು. ಆಮೇಲೆ ಎಲ್ಲರೂ ಮರೆತರು. ಈ ಸೇತುವೆಯ ಹತ್ತಿರ ನದಿಯಲ್ಲಿ ನೆಟ್ಟ ಮರದ ದಿಮ್ಮಿಗಳಿಂದ ಒಂದು ಸುರಂಗದ ಗೋಡೆ ಬಿರಿದಿತ್ತು. 1992ರ ಏಪ್ರಿಲ್ 13ರಂದು ನದಿ ಅದರೊಳಗೆ ನುಗ್ಗಿತು. ರಸ್ತೆಯ ಮೇಲೆ ಒಂದು ಹನಿ ನೀರಿಲ್ಲ. ಆದರೆ ಕಟ್ಟಡಗಳ ನೆಲಮಾಳಿಗೆಗಳೆಲ್ಲ ತುಂಬುತ್ತಾ ಬಂದವು, ವಿದ್ಯುತ್ ಹೋಯಿತು, ಇಡೀ ವ್ಯಾಪಾರ ಪ್ರದೇಶವನ್ನು ಖಾಲಿ ಮಾಡಿಸಿದರು. ತೂತು ಮುಚ್ಚಲು ಲಾರಿಗಟ್ಟಲೆ ಕಲ್ಲಿನ ಜೊತೆಗೆ ಹಾಸಿಗೆಗಳನ್ನೂ ತುರುಕಿದರಂತೆ. ಪ್ರವಾಸಿ ಪಟ್ಟಿಗಳಲ್ಲಿ ಇದು ಬರುವುದಿಲ್ಲ. ಟಿಕೆಟ್ ಇಟ್ಟು ತೋರಿಸಲು ಅಲ್ಲಿ ಏನೂ ಇಲ್ಲವಲ್ಲ!

ಕೆಸರಾಯಿತು, ನೀರಾಯಿತು, ಇನ್ನು ಬೆಂಕಿ. 1871ರ ಅಕ್ಟೋಬರ್ 8ರಂದು ಹತ್ತಿದ ಬೆಂಕಿ ಸುಮಾರು ಮುನ್ನೂರು ಜನರನ್ನು ಬಲಿ ತೆಗೆದುಕೊಂಡು, ಒಂದು ಲಕ್ಷ ಜನರನ್ನು ಬೀದಿಗೆ ತಂದಿತು. ಓಲಿಯರಿ ಎಂಬ ಬಡ ಹೆಂಗಸಿನ ಹಸು ಲಾಟೀನು ಒದ್ದದ್ದೇ ಕಾರಣ ಎಂಬ ಕಥೆ ಹಬ್ಬಿತು. ಆಕೆ ಐರಿಷ್ ವಲಸೆಗಾರ್ತಿ. ದೂರಲು ಸುಲಭವಾಗಿ ಸಿಕ್ಕಳು. ನಗರ ಸಭೆ ಆಕೆಯನ್ನೂ ಹಸುವನ್ನೂ ನಿರ್ದೋಷಿ ಎಂದು ಸಾರಿದ್ದು 1997ರಲ್ಲಿ. ಸುಟ್ಟ ಊರಿನ ಇಟ್ಟಿಗೆ, ಬೂದಿ, ಕರಗಿದ ಕಬ್ಬಿಣವನ್ನೆಲ್ಲ ಏನು ಮಾಡುವುದು? ಮಿಷಿಗನ್ ಅವೆನ್ಯೂವಿನ ಪೂರ್ವಕ್ಕೆ ಸರೋವರದೊಳಗೆ ಸುರಿದರು. ಇಂದಿನ ಗ್ರ್ಯಾಂಟ್ ಪಾರ್ಕಿನ ಒಂದು ಭಾಗ ಹಾಗೆ ಹುಟ್ಟಿದ ನೆಲ.

ಆರ್ಟ್ ಇನ್‌ಸ್ಟಿಟ್ಯೂಟ್ ನಿಂತಿರುವುದೂ ಅಂಥ ತುಂಬಿದ ನೆಲದಲ್ಲೇ. 1893ರ ಜಾಗತಿಕ ಮೇಳದ ಸಮ್ಮೇಳನಗಳಿಗಾಗಿ ಕಟ್ಟಿದ ಕಟ್ಟಡ. ಆ ವರ್ಷದ ಸೆಪ್ಟೆಂಬರ್ 11ರಂದು ಇಲ್ಲಿಯೇ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು. ಅವರು ನಿಂತಿದ್ದ ದೊಡ್ಡ ಸಭಾಂಗಣ ತಾತ್ಕಾಲಿಕವಾಗಿದ್ದರಿಂದ ಉಳಿದಿಲ್ಲ. ಆ ಜಾಗದಲ್ಲಿ ಈಗಿರುವುದು 1898ರ ಫುಲರ್ಟನ್ ಹಾಲ್. ಅಮೆರಿಕಕ್ಕೆ ಬರುವ ಮುನ್ನ, 1892ರಲ್ಲಿ ಅವರು ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು, ಒಡೆಯರು ಪ್ರಯಾಣಕ್ಕೆ ನೆರವಾಗಲು ಮುಂದಾಗಿದ್ದರು. 1894ರ ಜೂನ್‌ನಲ್ಲಿ ಶಿಕಾಗೊದಿಂದ ಸ್ವಾಮೀಜಿ ಒಡೆಯರಿಗೆ ಪತ್ರವನ್ನೂ ಬರೆದಿದ್ದಾರೆ. ಭಾರತದಿಂದ ಬಂದ ನೆಂಟರಲ್ಲಿ ಬಹಳಷ್ಟು ಜನ ಇಲ್ಲಿ ಬಂದು, ಹೊರಗಿನ ಕಂಚಿನ ಸಿಂಹಗಳ ಪಕ್ಕ ನಿಂತು, ವಿವೇಕಾನಂದರ ಹೆಸರಿನ ಬೀದಿ ಫಲಕದ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ಇದು ಸ್ವಲ್ಪ ಸಿಟ್ಟು ತರಿಸುವ ವಿಷಯ. ಒಳಗೆ ಹೋಗಿ, ಸ್ವಾಮಿ. ಫ್ರೆಂಚ್ ಚಿತ್ರಕಾರ ಸೂರಾ ಲಕ್ಷಾಂತರ ಚುಕ್ಕಿಗಳಿಂದ ಬಿಡಿಸಿದ ನದಿ ದಂಡೆಯ ಭಾನುವಾರದ ಚಿತ್ರವಿದೆ. ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕಿ, ಹಿಂದೆ ಸರಿದರೆ ಬಿಸಿಲು. ಎಡ್ವರ್ಡ್ ಹಾಪರ್ ಬಿಡಿಸಿದ ರಾತ್ರಿಯ ಹೋಟೆಲಿನ ಚಿತ್ರವಿದೆ. ಕೆಳ ಅಂತಸ್ತಿನಲ್ಲಿ ಥಾರ್ನ್ ಎಂಬಾಕೆ ಮಾಡಿಸಿದ 68 ಚಿಕಣಿ ಕೋಣೆಗಳಿವೆ: ಒಂದು ಅಡಿಗೆ ಒಂದು ಅಂಗುಲದ ಅಳತೆಯಲ್ಲಿ ಕುರ್ಚಿ, ದೀಪ, ನೆಲಹಾಸು, ಕಿಟಕಿಯಾಚೆ ತೋಟ. ಚಿತ್ರಗಳ ಮುಂದೆ ಕಾಲು ನೋವೆನ್ನುತ್ತಿದ್ದ ಅತ್ತೆಯವರನ್ನು ಅಲ್ಲಿಂದ ಹೊರಡಿಸುವುದೇ ಕಷ್ಟವಾಯಿತು.

ಪಕ್ಕದ ಮಿಲೆನಿಯಮ್ ಪಾರ್ಕ್ 2004ರಲ್ಲಿ ತೆರೆದದ್ದು. ಅದು ನೆಲವೇ ಅಲ್ಲ, ಛಾವಣಿ. ಹುಲ್ಲಿನ ಕೆಳಗೆ ಕಾರು ನಿಲ್ಲಿಸುವ ಮಹಡಿಗಳು, ರೈಲು ಹಳಿಗಳು. ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್ ಅವರ ಕನ್ನಡಿಯಂಥ ಉಕ್ಕಿನ ಶಿಲ್ಪವನ್ನು ಊರವರೆಲ್ಲ 'ಬೀನ್' ಎನ್ನುತ್ತಾರೆ. 168 ಹಾಳೆಗಳನ್ನು ಬೆಸೆದು, ಬೆಸುಗೆಯ ಗೆರೆ ಕಾಣದಂತೆ ಉಜ್ಜಿದ ಕೆಲಸ. ಬೆಳಿಗ್ಗೆ ಏಳಕ್ಕೆ ಹೋಗಿ, ಇಲ್ಲವಾದರೆ ಅದರಲ್ಲಿ ಕಾಣುವುದು ಬೇರೆಯವರ ಬೆನ್ನು. ಮಕ್ಕಳಿದ್ದರೆ ಕ್ರೌನ್ ಫೌಂಟನ್ ಹತ್ತಿರ ಬದಲಿ ಬಟ್ಟೆಯೊಂದಿಗೆ ಕುಳಿತುಕೊಳ್ಳಿ. ಗಾಜಿನ ಇಟ್ಟಿಗೆಯ ಎರಡು ಗೋಪುರಗಳ ಮೇಲೆ ಊರಿನ ಸಾಮಾನ್ಯ ಜನರ ಮುಖಗಳು ಮೂಡುತ್ತವೆ, ತುಟಿ ಮುಂದೆ ಮಾಡಿ ನೀರು ಉಗುಳುತ್ತವೆ. ಸರೋವರದ ದಂಡೆ ಇಷ್ಟು ತೆರವಾಗಿ ಉಳಿದಿರುವುದಕ್ಕೆ ಅಂಚೆಯ ಮೂಲಕ ಸರಕು ಮಾರುತ್ತಿದ್ದ ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ ಕಾರಣ. ಅಲ್ಲಿ ಕಟ್ಟಡ ಕೂಡದು ಎಂಬ 1836ರ ಬರಹವೊಂದನ್ನು ಹಿಡಿದುಕೊಂಡು ಆತ 1890ರಿಂದ ಎರಡು ದಶಕ ನಗರದ ಮೇಲೆ ಕೇಸು ನಡೆಸಿದ. ಜೀವಮಾನದಲ್ಲಿ ಬೈಸಿಕೊಂಡದ್ದೇ ಹೆಚ್ಚು.

ಗೋಪುರಗಳ ಮಾತು ಪೂರ್ತಿ ಬಿಡುವಂತಿಲ್ಲ. ಜ್ಯಾಕ್ಸನ್ ಬೀದಿಯಲ್ಲಿ ಮೊನಾಡ್‌ನಾಕ್ ಕಟ್ಟಡವಿದೆ. 1891ರಲ್ಲಿ ಮುಗಿದ ಅದರ ಉತ್ತರ ಭಾಗ ಹದಿನಾರು ಅಂತಸ್ತು, ಭಾರವೆಲ್ಲ ಇಟ್ಟಿಗೆ ಗೋಡೆಗಳ ಮೇಲೆ. ಆದ್ದರಿಂದ ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ಎರಡೇ ವರ್ಷದ ಬಳಿಕ ಕಟ್ಟಿದ ದಕ್ಷಿಣ ಭಾಗ ಉಕ್ಕಿನ ಚೌಕಟ್ಟಿನದು, ಗೋಡೆ ತೆಳ್ಳಗೆ. ಒಂದೇ ಕಟ್ಟಡದ ಮುಂದೆ ನಡೆಯುತ್ತಾ ಹಳೆಯ ವಿದ್ಯೆ ಮುಗಿದು ಹೊಸದು ಶುರುವಾದ ಜಾಗವನ್ನು ಕೈಯಿಂದ ಮುಟ್ಟಬಹುದು, ಬಿಟ್ಟಿಯಾಗಿ. ತನ್ನ ಭಾರಕ್ಕೆ ಕಟ್ಟಡ ಹಲವು ಅಂಗುಲ ಹೂತಿದೆ ಎಂದಾಗ ಚಿಕ್ಕಪ್ಪ, "ಹೂಳದೆ ಇರುತ್ತದೆಯೇ" ಎಂದು ಮೀಸೆಯಡಿ ನಕ್ಕರು.

ವಿಲ್ಲಿಸ್ ಟವರ್ ಮತ್ತು ಹ್ಯಾನ್‌ಕಾಕ್ ಎರಡರ ಹಿಂದಿನ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್. ಢಾಕಾದಲ್ಲಿ ಹುಟ್ಟಿ, 1952ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು. ವಿಲ್ಲಿಸ್ ಟವರನ್ನು ಅವರು ಒಂದೇ ಕಂಬವಾಗಿ ಯೋಚಿಸದೆ ಒಂಬತ್ತು ಚೌಕ ಕೊಳವೆಗಳ ಕಟ್ಟಾಗಿ ಯೋಚಿಸಿದರು. ಮೇಲೇರಿದಂತೆ ಎರಡು ಮೂರರಂತೆ ನಿಲ್ಲುತ್ತಾ ಕೊನೆಗೆ ಎರಡು ಮಾತ್ರ ತುದಿ ಮುಟ್ಟುತ್ತವೆ. ಈ ಗಾಳಿಯ ಊರಿನಲ್ಲಿ 442 ಮೀಟರ್ ಎತ್ತರ ನಿಂತಿರುವುದು ಆ ಲೆಕ್ಕಾಚಾರದಿಂದ. 1998ರವರೆಗೂ ಅದು ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತು. ಒಂದೇ ಕಡೆ ಮೇಲೆ ಹೋಗುವುದಾದರೆ ಹ್ಯಾನ್‌ಕಾಕ್‌ಗೆ ಹೋಗಿ. ಸ್ವಚ್ಛ ದಿನದಲ್ಲಿ ಸರೋವರದ ನಡುವೆ ನೀರೆತ್ತುವ ಹಳೆಯ ಕಟ್ಟೆಗಳು ಚುಕ್ಕಿಯಂತೆ ಕಾಣುತ್ತವೆ.

ಖಾನ್ ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ. ಅದಕ್ಕೆ ಕೆಲವೇ ವಾರ ಮೊದಲು, ಮಾರ್ಚ್‌ನಲ್ಲಿ, ಮೈಸೂರಿನಲ್ಲಿ ಹುಟ್ಟಿದವರು ಎ. ಕೆ. ರಾಮಾನುಜನ್. ಇಬ್ಬರೂ ಇದೇ ಊರಿನಲ್ಲಿ ದುಡಿದರು. ರಾಮಾನುಜನ್ ಬೆಳಗಾವಿ, ಬರೋಡಾಗಳಲ್ಲಿ ಪಾಠ ಹೇಳಿ, ಅರವತ್ತರ ದಶಕದ ಆರಂಭದಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿ, 1993ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಇದ್ದರು. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳು ಇಂಗ್ಲಿಷ್ ಓದುವ ಜಗತ್ತಿಗೆ ತಲುಪಿದ್ದರಲ್ಲಿ ದೊಡ್ಡ ಪಾಲು ಅವರದು. ಹೈಡ್ ಪಾರ್ಕ್ ಬಡಾವಣೆಗೆ ಪೂರ್ತಿ ಒಂದು ದಿನ ಇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೂ ಹೌದು. ಅವರ ಕಾಗದಪತ್ರಗಳು ಇರುವುದು ಅಲ್ಲಿನ ರೀಗನ್‌ಸ್ಟೈನ್ ಗ್ರಂಥಾಲಯದಲ್ಲಿ. ಆ ಗ್ರಂಥಾಲಯ ಎದ್ದದ್ದು ಹಳೆಯ ಫುಟ್‌ಬಾಲ್ ಮೈದಾನದ ಜಾಗದಲ್ಲಿ. 1942ರ ಡಿಸೆಂಬರ್ 2ರಂದು ಆ ಮೈದಾನದ ಗ್ಯಾಲರಿಯ ಕೆಳಗೆ, ಸ್ಕ್ವಾಷ್ ಆಡುವ ಕೋಣೆಯೊಂದರಲ್ಲಿ, ಎನ್ರಿಕೊ ಫರ್ಮಿ ಮತ್ತು ಜೊತೆಗಾರರು ಗ್ರಾಫೈಟ್ ಇಟ್ಟಿಗೆಗಳನ್ನು ಪೇರಿಸಿ ಮನುಷ್ಯ ನಿಯಂತ್ರಿಸಿದ ಮೊದಲ ಪರಮಾಣು ಸರಣಿ ಕ್ರಿಯೆಯನ್ನು ನಡೆಸಿದರು. ಊರಿನ ನಟ್ಟನಡುವೆ! ಹೆನ್ರಿ ಮೂರ್ ಮಾಡಿದ ಕಂಚಿನ ಶಿಲ್ಪವೊಂದು ಆ ಜಾಗವನ್ನು ಗುರುತಿಸುತ್ತದೆ. ಒಂದು ಕಡೆಯಿಂದ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆ ಮೋಡ. ಅದರ ಪಕ್ಕ ಗಾಜಿನ ಗುಮ್ಮಟದಂತಹ ಹೊಸ ಗ್ರಂಥಾಲಯವಿದೆ. ಪುಸ್ತಕಗಳೆಲ್ಲ ಐವತ್ತು ಅಡಿ ಆಳದ ನೆಲಮಾಳಿಗೆಯಲ್ಲಿ, ಯಂತ್ರದ ತೋಳುಗಳು ಎತ್ತಿ ತಂದು ಕೊಡುತ್ತವೆ.

ಅಲ್ಲಿಂದ ಪೂರ್ವಕ್ಕೆ ನಡೆದರೆ ಫ್ರ್ಯಾಂಕ್ ಲಾಯ್ಡ್ ರೈಟ್‌ನ ರೋಬಿ ಹೌಸ್, ಇನ್ನೂ ಮುಂದೆ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ. 1893ರ ಮೇಳದಿಂದ ಜ್ಯಾಕ್ಸನ್ ಪಾರ್ಕಿನಲ್ಲಿ ಉಳಿದ ದೊಡ್ಡ ಕಟ್ಟಡ ಅದೇ. ಜಗತ್ತಿನ ಮೊದಲ ಫೆರಿಸ್ ಚಕ್ರ, ಅಂದರೆ ಜೈಂಟ್ ವೀಲ್, ತಿರುಗಿದ್ದೂ ಆ ಮೇಳದಲ್ಲಿ, ಇಲ್ಲಿಂದ ಕೂಗಳತೆಯಲ್ಲಿ. ಒಳಗೆ ನೆಲದಡಿಯ ಹಾಲ್‌ನಲ್ಲಿ ಯು-505 ಎಂಬ ಜರ್ಮನ್ ಜಲಾಂತರ್ಗಾಮಿಯನ್ನೇ ಇಟ್ಟಿದ್ದಾರೆ. 1944ರ ಜೂನ್‌ನಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ ಸೆರೆ ಸಿಕ್ಕಿದ ನೌಕೆ. ಮೆಟ್ಟಿಲಿಳಿದು ಅದರ ಮೂತಿಯ ಎದುರು ನಿಂತಾಗ ಹದಿನೈದರ ಹುಡುಗರೂ ಮೊಬೈಲ್ ಜೇಬಿಗಿಡುತ್ತಾರೆ.

ಫೀಲ್ಡ್ ಮ್ಯೂಸಿಯಂನ 'ಸೂ' ಎಂಬ ಡೈನೊಸಾರ್, ಶೆಡ್ ಮೀನುಮನೆ, ಆ್ಯಡ್ಲರ್ ತಾರಾಲಯ ಮೂರೂ ಒಂದೇ ಕಡೆ ಇವೆ, ಮಕ್ಕಳಿಗೆ ಸರಿ. ಎಲ್ಲದಕ್ಕೂ ಟಿಕೆಟ್ ತೆತ್ತು ಬೇಸತ್ತವರು 1868ರಿಂದಿರುವ ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಹೋಗಬಹುದು, ಪ್ರವೇಶ ಉಚಿತ. ನೇವಿ ಪಿಯರ್ ನನಗೆ ಜಾತ್ರೆ. ಬೇಸಿಗೆಯ ಬುಧವಾರ, ಶನಿವಾರ ರಾತ್ರಿಗಳ ಪಟಾಕಿಯನ್ನು ದೂರದ ದಂಡೆಯಿಂದಲೇ ನೋಡಿ. ಡೀಪ್ ಡಿಶ್ ಪಿಜ್ಜಾ ಒಮ್ಮೆ ತಿನ್ನಬೇಕು, ಬೇಯಲು ಮುಕ್ಕಾಲು ಗಂಟೆ ಬೇಕಾಗುವುದರಿಂದ ಹಸಿವಾಗುವ ಮೊದಲೇ ಆರ್ಡರ್ ಕೊಡಿ. ಇಬ್ಬರಿಗೆ ಸಣ್ಣದು ಸಾಕು.

ಯಾವಾಗ ಬರಬೇಕು? ಮೇ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಜನವರಿಯಲ್ಲಿ ಅಗ್ಗದ ಟಿಕೆಟ್ ಸಿಕ್ಕಿತೆಂದು ಬಂದವರನ್ನು ನಾನು ಪೆಡ್‌ವೇಯಲ್ಲಿ ನಡೆಸುತ್ತೇನೆ. ರೈಲು ನಿಲ್ದಾಣ, ಸರ್ಕಾರಿ ಕಟ್ಟಡ, ಅಂಗಡಿಗಳ ನೆಲಮಾಳಿಗೆಗಳನ್ನು ಜೋಡಿಸುವ ಸುರಂಗ ದಾರಿ ಅದು, ಹಿಮಗಾಳಿಗೆ ಮುಖ ಕೊಡದೆ ಅರ್ಧ ನಗರ ದಾಟಬಹುದು. ದಾರಿ ಫಲಕಗಳು ಅಲ್ಲಲ್ಲಿ ಕೈಕೊಡುತ್ತವೆ, ಕಾವಲುಗಾರರನ್ನು ಕೇಳಿದರೆ ಹೇಳುತ್ತಾರೆ.

ಅಷ್ಟು ದಿನ ಬ್ರೆಡ್ಡು, ಚೀಸ್ ತಿಂದು ಸಾಕಾದವರಿಗೆ ಡೆವನ್ ಅವೆನ್ಯೂ. ಪಟೇಲ್ ಬ್ರದರ್ಸ್‌ನ ಮೊದಲ ಅಂಗಡಿ 1974ರಲ್ಲಿ ಶುರುವಾದದ್ದು ಈ ರಸ್ತೆಯಲ್ಲಿ. ಇದರ ಒಂದು ತುಂಡಿಗೆ ಗಾಂಧಿ ಮಾರ್ಗ ಎಂದು ಗೌರವದ ಹೆಸರು, ಇನ್ನೊಂದಕ್ಕೆ ಜಿನ್ನಾ ಹೆಸರು, ಮತ್ತೊಂದಕ್ಕೆ ಶೇಖ್ ಮುಜೀಬರದು. ಗಡಿ ಗುರುತಿಸಲು ಹೋಗಬೇಡಿ, ಎಲ್ಲ ಅಂಗಡಿಗಳಲ್ಲೂ ಒಂದೇ ಬ್ರಾಂಡಿನ ಬಾಸ್ಮತಿ. ಮಸಾಲೆ ದೋಸೆ ಸಿಗುತ್ತದೆ. ಮೈಸೂರಿನವರು ಮೂಗು ಮುರಿಯುತ್ತಾರೆ, ಆಮೇಲೆ ಇನ್ನೊಂದು ತರಿಸುತ್ತಾರೆ. ಶನಿವಾರ, ಭಾನುವಾರ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ರೆಡ್ ಲೈನ್ ರೈಲಿನಲ್ಲಿ ಲಾಯೋಲಾದವರೆಗೆ ಬಂದು ಅಲ್ಲಿಂದ ಪಶ್ಚಿಮಕ್ಕೆ ಹೋಗುವ 155ನೇ ನಂಬರಿನ ಬಸ್ ಹಿಡಿಯಿರಿ. ಕಿಟಕಿಯಲ್ಲಿ ಸೀರೆ ಅಂಗಡಿಗಳು ಕಾಣಿಸಿದ ಕೂಡಲೇ ಇಳಿದರಾಯಿತು.